ಬಿಲ್ಲೋ, ಭರ್ಜಿಯೋ? ಡಿ ಅಂಡ್ ಡಿಯಲ್ಲಿ ದೂರದಿಂದ ಹೊಡೆಯುವ ಆಯುಧ ಆರಿಸುವ ಬಗೆ

ಡಿ ಅಂಡ್ ಡಿ ಎಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಡೈಸ್ ಉರುಳಿಸಿ ಪಾತ್ರ ಆಡುವ ಆಟ. ಬೆಂಗಳೂರಿನ ನಮ್ಮ ಶನಿವಾರದ ಆಟದಲ್ಲಿ ಬಾರ್ಬೇರಿಯನ್ (ಕೆರಳಿ ಕಾದುವ ಯೋಧ) ಆಡುತ್ತಿದ್ದ ಗೆಳೆಯ ಐದನೇ ಲೆವೆಲ್ ಮುಟ್ಟಿದ ದಿನ ಬಹಳ ಖುಷಿಯಲ್ಲಿದ್ದ. ಇನ್ನು ಮೇಲೆ ಟರ್ನ್‌ಗೆ ಎರಡು ಹೊಡೆತ. ಬೆನ್ನಿಗೆ ಆರು ಭರ್ಜಿ ಕಟ್ಟಿಕೊಂಡಿದ್ದ. ಕಂದಕದ ಆಚೆ ನಿಂತಿದ್ದ ಓರ್ಕ್‌ಗಳ ಮೇಲೆ ಮೊದಲ ಟರ್ನ್‌ನಲ್ಲಿ ಎರಡು ಎಸೆದ, ಕೈಯಲ್ಲಿದ್ದದ್ದೊಂದು, ಬೆನ್ನಿನಿಂದ ತೆಗೆದದ್ದೊಂದು, ಎರಡೂ ನೆಟ್ಟವು. ಎರಡನೇ ಟರ್ನ್‌ಗೆ ಅವನು ಡೈಸ್ ಎತ್ತಿಕೊಳ್ಳುವಾಗ, ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ತಡೆದರು. ಕೈ ಖಾಲಿಯಾಗಿದೆ, ಒಂದು ಟರ್ನ್‌ನಲ್ಲಿ ಪುಕ್ಕಟೆಯಾಗಿ ಒಂದೇ ಆಯುಧ ಹೊರತೆಗೆಯಬಹುದು, ಹಾಗಾಗಿ ಒಂದೇ ಎಸೆತ ಅಂದರು. ಪುಸ್ತಕ ತೆಗೆದು ನೋಡಿದೆವು. ಡಿಎಂ ಹೇಳಿದ್ದೇ ಸರಿ. ಪಕ್ಕದಲ್ಲಿ ಕೂತಿದ್ದ ರೇಂಜರ್ ಮಾತ್ರ ಪ್ರತಿ ಟರ್ನ್‌ಗೂ ಎರಡೆರಡು ಬಾಣ ಬಿಡುತ್ತಲೇ ಇದ್ದಳು, ಏಕೆಂದರೆ ಬತ್ತಳಿಕೆಯಿಂದ ಬಾಣ ತೆಗೆಯುವುದು ಹೊಡೆತದಲ್ಲೇ ಸೇರಿದೆ ಎಂದು ಅದೇ ಪುಸ್ತಕ ಹೇಳುತ್ತದೆ.

ಅಂದಿನಿಂದ, ಹೊಸದಾಗಿ ಕ್ಯಾರೆಕ್ಟರ್ ಕಟ್ಟುವವರು ಯಾವ ಆಯುಧ ತಗೊಳ್ಳಲಿ ಎಂದು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಎರಡು ಕೈ ಏನು ಮಾಡುತ್ತಿರುತ್ತವೆ? ಡ್ಯಾಮೇಜ್‌ಗೆ ಉರುಳಿಸುವುದು ಆರು ಮುಖದ ಡೈಸ್ (ಡಿ6) ಆಗಲಿ ಎಂಟು ಮುಖದ್ದು (ಡಿ8) ಆಗಲಿ, ಸರಾಸರಿಯಲ್ಲಿ ಇರುವ ವ್ಯತ್ಯಾಸ ಒಂದೇ ಅಂಕ. ಕೈ ಖಾಲಿ ಉಳಿದರೆ ಹೋಗುವುದು ಇಡೀ ಹೊಡೆತ. ಆಯುಧಗಳ ಪಟ್ಟಿಯಲ್ಲಿ ಡ್ಯಾಮೇಜ್ ಕಾಲಂ ಎದ್ದು ಕಾಣುತ್ತದೆ, ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಆಟ ನಡೆಯುವುದು ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಲಕ್ಷಣಗಳ ಕಾಲಂನಲ್ಲಿ.

ಮೇಜಿನ ಮೇಲಿರುವುದು ಯಾವ ಪುಸ್ತಕ?

ಇದನ್ನು ಕೇಳದೆ ಮುಂದೆ ಹೋಗಬೇಡಿ. ಐದನೇ ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್ 2014ರಲ್ಲಿ ಒಮ್ಮೆ ಬಂತು, ಪರಿಷ್ಕರಿಸಿದ ರೂಪದಲ್ಲಿ 2024ರಲ್ಲಿ ಮತ್ತೆ ಬಂತು. ಹೆಸರು ಒಂದೇ, ಆಯುಧಗಳ ಹೆಸರೂ ಅವೇ, ದೂರದ ಲೆಕ್ಕವೂ ಹೆಚ್ಚುಕಡಿಮೆ ಅದೇ. ಆದರೆ ಎಸೆಯುವ ಆಯುಧಗಳ ಬದುಕು ಈ ಹತ್ತು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಎಸೆಯುವ ಆಯುಧವನ್ನು ಹೊರತೆಗೆಯುವುದು ಆ ಎಸೆತದಲ್ಲೇ ಸೇರಿದೆ ಎಂದು 2024ರ ಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ನನ್ನ ಗೆಳೆಯ ಆ ಪುಸ್ತಕದಲ್ಲಿ ಆಡುತ್ತಿದ್ದರೆ ಆರು ಭರ್ಜಿಗಳನ್ನೂ ಮೂರು ಟರ್ನ್‌ಗಳಲ್ಲಿ ಎಸೆದು ಮುಗಿಸುತ್ತಿದ್ದ.

ನಿಮ್ಮ ಗುಂಪಿನಲ್ಲಿ ಒಬ್ಬರ ಕೈಯಲ್ಲಿ ಹಳೆಯ ಪುಸ್ತಕ, ಇನ್ನೊಬ್ಬರ ಮೊಬೈಲಿನಲ್ಲಿ ಹೊಸ ನಿಯಮ ಇರುವುದು ಈಗ ಸಾಮಾನ್ಯ. ಮೊದಲ ದಿನವೇ ಡಿಎಂ ಹತ್ತಿರ ಇದನ್ನು ತೀರ್ಮಾನ ಮಾಡಿಸಿಕೊಳ್ಳಿ. ಹಳೆಯ ಪುಸ್ತಕದಲ್ಲೇ ಆಡುತ್ತಿದ್ದರೂ, ಎಸೆಯುವ ಆಯುಧದ ಈ ಒಂದು ನಿಯಮವನ್ನು ಹೊಸದರಿಂದ ತಂದುಕೊಳ್ಳೋಣ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಾವು ಹಾಗೆಯೇ ಮಾಡಿದೆವು. ಅದರಿಂದ ಆಟದ ಸಮತೋಲ ಕೆಟ್ಟಿದ್ದನ್ನು ನಾನು ಕಂಡಿಲ್ಲ.

ಪುಸ್ತಕದ ದೂರ, ಮೇಜಿನ ದೂರ

ಪ್ರತಿ ಆಯುಧಕ್ಕೂ ಎರಡು ಸಂಖ್ಯೆ ಇರುತ್ತವೆ. ಲಾಂಗ್‌ಬೋಗೆ 150/600 ಅಡಿ. ಮೊದಲ ಸಂಖ್ಯೆಯವರೆಗೆ ಹೊಡೆತ ಸಲೀಸು. ಅದನ್ನು ದಾಟಿ ಎರಡನೆಯದರವರೆಗೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ಡಿ20 ಉರುಳಿಸಿ ಕಡಿಮೆ ಬಿದ್ದದ್ದನ್ನು ಲೆಕ್ಕಕ್ಕೆ ತಗೊಳ್ಳಬೇಕು. ಅದಕ್ಕೂ ಆಚೆ ಹೊಡೆಯುವಂತೆಯೇ ಇಲ್ಲ.

ಈಗ ಮೇಜಿಗೆ ಬನ್ನಿ. ಒಂದು ಇಂಚಿನ ಚೌಕಕ್ಕೆ 5 ಅಡಿ ಎಂದು ಲೆಕ್ಕ. 600 ಅಡಿ ಎಂದರೆ 120 ಚೌಕ, 120 ಇಂಚು. ಹತ್ತು ಅಡಿ ಉದ್ದದ ಮೇಜು ಯಾರ ಮನೆಯಲ್ಲಿದೆ? 150 ಅಡಿ ಎಂದರೂ ಎರಡೂವರೆ ಅಡಿ ಉದ್ದದ ಮ್ಯಾಟ್ ತುಂಬಿಹೋಗುತ್ತದೆ. ನೆಲಮಾಳಿಗೆ, ಗುಹೆ, ಹಾಳು ಗುಡಿ, ಹೋಟೆಲಿನ ಜಗಳ ಹೀಗೆ ನಾವು ಆಡುವ ಹೆಚ್ಚಿನ ಕಾಳಗಗಳು 30ರಿಂದ 60 ಅಡಿಯೊಳಗೆ ಶುರುವಾಗಿ ಅಲ್ಲೇ ಮುಗಿಯುತ್ತವೆ. ಸಾಮಾನ್ಯ ಶತ್ರು ಒಂದು ಟರ್ನ್‌ನಲ್ಲಿ 30 ಅಡಿ ನಡೆಯುತ್ತಾನೆ, ಓಡಿದರೆ 60. ಭರ್ಜಿಯ 30/120ರಲ್ಲಿ ಮೊದಲ ಸಂಖ್ಯೆ ಒಬ್ಬ ಮನುಷ್ಯನ ಒಂದು ಟರ್ನ್‌ನ ನಡಿಗೆ. ಈಟಿ, ಕೈಗೊಡಲಿ, ಕಠಾರಿಗಳದ್ದು 20/60. ಅದು ಅಷ್ಟೂ ಇಲ್ಲ.

ಆದ್ದರಿಂದ ನಿಮ್ಮ ಡಿಎಂ ಎಂಥ ಜಾಗಗಳಲ್ಲಿ ಕಾಳಗ ಇಡುತ್ತಾರೆ ಎಂಬುದನ್ನು ಎರಡು ಮೂರು ವಾರ ಗಮನಿಸಿ. ಬಯಲು, ಸಮುದ್ರ, ಕೋಟೆಯ ಗೋಡೆ ಇರುವ ಆಟವಾದರೆ ಲಾಂಗ್‌ಬೋಗೆ ಸಾಟಿಯಿಲ್ಲ. ಬರೀ ನೆಲಮಾಳಿಗೆಯಾದರೆ ಆ 600 ಅಡಿಯನ್ನು ನೀವು ಒಮ್ಮೆಯೂ ಬಳಸದೆ ಆಟ ಮುಗಿಯಬಹುದು.

ಹತ್ತಿರದಲ್ಲಿ ಇನ್ನೊಂದು ತೊಡಕಿದೆ. ನಿಮ್ಮನ್ನು ನೋಡಬಲ್ಲ ಶತ್ರು 5 ಅಡಿಯೊಳಗೆ ನಿಂತಿದ್ದರೆ ದೂರದ ಹೊಡೆತಗಳಿಗೆಲ್ಲ ಡಿಸ್‌ಅಡ್ವಾಂಟೇಜ್. ಬಾಣಕ್ಕೂ ಅಷ್ಟೇ, ಎಸೆದ ಭರ್ಜಿಗೂ ಅಷ್ಟೇ. ಆದರೆ ಭರ್ಜಿ ಹಿಡಿದವನು ಎಸೆಯದೆ ಅದರಿಂದಲೇ ತಿವಿಯಬಹುದು, ಅದೇ 1ಡಿ6, ಯಾವ ತೊಂದರೆಯೂ ಇಲ್ಲ. ಬಿಲ್ಲು ಹಿಡಿದವನು ಹಿಂದೆ ಸರಿಯಬೇಕು, ಇಲ್ಲವೇ ಬಿಲ್ಲು ಬಿಟ್ಟು ಕತ್ತಿ ಹಿರಿಯಬೇಕು.

ಮರೆಯ ಲೆಕ್ಕವನ್ನು ಬಹಳ ಗುಂಪುಗಳು ಮರೆತೇಬಿಡುತ್ತವೆ. ನಡುವೆ ಇನ್ನೊಬ್ಬರು ನಿಂತಿದ್ದರೆ, ಅವರು ನಿಮ್ಮ ಕಡೆಯವರೇ ಆದರೂ, ಗುರಿಗೆ ಅರ್ಧ ಮರೆ ಸಿಕ್ಕಿದಂತೆ. ಹೊಡೆತ ತಾಗಲು ಡಿ20ಯ ಲೆಕ್ಕ ಮುಟ್ಟಬೇಕಾದ ಅಂಕಕ್ಕೆ ಆರ್ಮರ್ ಕ್ಲಾಸ್ ಎನ್ನುತ್ತಾರೆ. ಆರ್ಮರ್ ಕ್ಲಾಸ್‌ಗೆ +2. ಮುಕ್ಕಾಲು ಮರೆಯಾದರೆ +5. ಇಕ್ಕಟ್ಟಾದ ಓಣಿಯಲ್ಲಿ ನಿಮ್ಮ ಫೈಟರ್ ಮುಂದೆ ನಿಂತು ಕಾದುತ್ತಿದ್ದರೆ, ಹಿಂದಿನಿಂದ ನೀವು ಬಿಡುವ ಪ್ರತಿ ಬಾಣಕ್ಕೂ ಈ +2 ಅಡ್ಡ ಬರುತ್ತದೆ. ಶಾರ್ಪ್‌ಶೂಟರ್ ಎಂಬ ಫೀಟ್ (ಆರಿಸಿಕೊಳ್ಳುವ ವಿಶೇಷ ಕೌಶಲ) ಇದ್ದವರಿಗೆ ಇದು ಅನ್ವಯಿಸದು, ದೂರದ ಡಿಸ್‌ಅಡ್ವಾಂಟೇಜೂ ಇಲ್ಲ. 2014ರಲ್ಲಿ ಅದೇ ಫೀಟ್ ಗುರಿಯಲ್ಲಿ 5 ಬಿಟ್ಟುಕೊಟ್ಟು ಡ್ಯಾಮೇಜ್‌ನಲ್ಲಿ 10 ಪಡೆಯಲು ಬಿಡುತ್ತಿತ್ತು. 2024ರಲ್ಲಿ ಅದನ್ನು ಕಿತ್ತುಹಾಕಿ, ಬದಲಿಗೆ ಶತ್ರು ಪಕ್ಕದಲ್ಲೇ ಇದ್ದರೂ ಸಲೀಸಾಗಿ ಹೊಡೆಯುವ ಅವಕಾಶ ಕೊಟ್ಟಿದ್ದಾರೆ. ನನಗೆ ಈ ಬದಲಾವಣೆ ಇಷ್ಟವಾಯಿತು. ಹಳೆಯ ನಿಯಮದಲ್ಲಿ ಪ್ರತಿ ಬಾಣಕ್ಕೂ ‘ಐದು ಕಳೆಯಲೋ ಬೇಡವೋ’ ಎಂದು ಲೆಕ್ಕ ಹಾಕುತ್ತ ಕೂರುವುದರಲ್ಲೇ ಅರ್ಧ ಸಂಜೆ ಕಳೆಯುತ್ತಿತ್ತು.

ಬಿಲ್ಲುಗಳ ನಡುವೆ

ಶಾರ್ಟ್‌ಬೋ 25 ಚಿನ್ನದ ನಾಣ್ಯ, 1ಡಿ6, 80/320 ಅಡಿ, ಯಾರಿಗೂ ಸುಲಭವಾದ ಸಿಂಪಲ್ ಆಯುಧ. ಲೈಟ್ ಕ್ರಾಸ್‌ಬೋ ಕೂಡ 25 ನಾಣ್ಯ, ಅದೂ 80/320, ಅದೂ ಸಿಂಪಲ್, ಆದರೆ 1ಡಿ8. ಹಾಗಾದರೆ ಶಾರ್ಟ್‌ಬೋ ಯಾರಿಗೆ ಬೇಕು? ಉತ್ತರ ‘ಲೋಡಿಂಗ್’ ಎಂಬ ಒಂದು ಪದದಲ್ಲಿದೆ. ಕ್ರಾಸ್‌ಬೋದಲ್ಲಿ ಒಂದು ಆಕ್ಷನ್‌ಗೆ ಒಂದೇ ಬಾಣ, ನಿಮಗೆ ಎಷ್ಟೇ ಹೊಡೆತಗಳಿದ್ದರೂ. ಫೈಟರ್, ರೇಂಜರ್, ಪ್ಯಾಲಡಿನ್‌ಗಳಿಗೆ ಐದನೇ ಲೆವೆಲ್‌ನಲ್ಲಿ ಎರಡನೇ ಹೊಡೆತ ಬಂದ ದಿನ ಕ್ರಾಸ್‌ಬೋ ಕೈಯಿಂದ ಇಳಿಯುತ್ತದೆ. ಕ್ರಾಸ್‌ಬೋ ಎಕ್ಸ್‌ಪರ್ಟ್ ಫೀಟ್ ತಗೊಂಡವರಿಗೆ ಮಾತ್ರ ಈ ಕಟ್ಟು ಇಲ್ಲ.

ಎರಡನೇ ಹೊಡೆತ ಎಂದೂ ಬಾರದವರಿಗೆ ಲೈಟ್ ಕ್ರಾಸ್‌ಬೋ ಒಳ್ಳೆಯದೇ. 2014ರ ನಿಯಮದಲ್ಲಿ ರೋಗ್ (ಕಳ್ಳಹೆಜ್ಜೆಯ ಪಾತ್ರ) ಆಡುವವರು ಶಾರ್ಟ್‌ಬೋ ಬಿಟ್ಟು ಲೈಟ್ ಕ್ರಾಸ್‌ಬೋ ಹಿಡಿದರೆ ಪ್ರತಿ ಹೊಡೆತಕ್ಕೂ ಒಂದು ಅಂಕ ಲಾಭ, ನಷ್ಟವೇನೂ ಇಲ್ಲ. 2024ರಲ್ಲಿ ಇದು ತಿರುಗುಮುರುಗಾಯಿತು. ಹೊಸ ಪುಸ್ತಕದಲ್ಲಿ ಪ್ರತಿ ಆಯುಧಕ್ಕೂ ಒಂದು ಮಾಸ್ಟರಿ ಗುಣ ಸೇರಿಸಿದ್ದಾರೆ, ರೋಗ್‌ಗೆ ಅಂಥ ಎರಡು ಆಯುಧಗಳ ಗುಣ ಬಳಸುವ ಹಕ್ಕಿದೆ. ಶಾರ್ಟ್‌ಬೋದ ಗುಣ ವೆಕ್ಸ್: ಒಮ್ಮೆ ತಾಗಿದರೆ ಅದೇ ಶತ್ರುವಿನ ಮೇಲಿನ ನಿಮ್ಮ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್, ಅಂದರೆ ಎರಡು ಡಿ20ಯಲ್ಲಿ ಹೆಚ್ಚು ಬಿದ್ದದ್ದು ಲೆಕ್ಕಕ್ಕೆ. ಅಡ್ವಾಂಟೇಜ್ ಇದ್ದರೆ ರೋಗ್‌ಗೆ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಡ್ಯಾಮೇಜ್ ಸಿಗುತ್ತದೆ, ಅದು ತಾಗಿದರೆ ಮತ್ತೆ ವೆಕ್ಸ್. ಲೈಟ್ ಕ್ರಾಸ್‌ಬೋದ್ದು ಸ್ಲೋ, ಶತ್ರುವಿನ ನಡಿಗೆಯಲ್ಲಿ 10 ಅಡಿ ಕಡಿತ. ಹೊಸ ಪುಸ್ತಕದ ರೋಗ್‌ಗೆ ನಾನು ಕಣ್ಣುಮುಚ್ಚಿ ಶಾರ್ಟ್‌ಬೋ ಹೇಳುತ್ತೇನೆ.

ವಿಜಾರ್ಡ್ ಆಡುವವರು ಮೊದಲೆರಡು ಲೆವೆಲ್‌ಗಳಲ್ಲಿ ಕ್ರಾಸ್‌ಬೋ ಇಟ್ಟುಕೊಳ್ಳುವುದು ಸರಿ. ಡೆಕ್ಸ್ಟೆರಿಟಿ (ಚುರುಕುತನ) +2 ಇದ್ದರೆ ಅದರ ಸರಾಸರಿ 6.5, ಫೈರ್ ಬೋಲ್ಟ್ ಮಂತ್ರದ್ದು 5.5. ಐದನೇ ಲೆವೆಲ್‌ನಲ್ಲಿ ಆ ಮಂತ್ರ 2ಡಿ10 ಆಗುತ್ತದೆ, ಸರಾಸರಿ 11. ಆಮೇಲೆ ಆ 5 ಪೌಂಡ್ ತೂಕ ಹೊರುವುದರಲ್ಲಿ ಅರ್ಥವಿಲ್ಲ.

ಲಾಂಗ್‌ಬೋ 50 ನಾಣ್ಯ, 1ಡಿ8, ಕಲಿತವರಿಗಷ್ಟೇ ಸಲ್ಲುವ ಮಾರ್ಷಲ್ ಆಯುಧ, ಮೇಲೆ ‘ಹೆವಿ’. ಈ ಹೆವಿ ಎಂಬುದನ್ನು ಹಾಫ್ಲಿಂಗ್, ನೋಮ್ ಆಡುವವರು ಎರಡು ಸಲ ಓದಬೇಕು. 2014ರಲ್ಲಿ ಸಣ್ಣ ಮೈಕಟ್ಟಿನವರು ಹೆವಿ ಆಯುಧ ಹಿಡಿದರೆ ಪ್ರತಿ ಹೊಡೆತಕ್ಕೂ ಡಿಸ್‌ಅಡ್ವಾಂಟೇಜ್. ಹಾಫ್ಲಿಂಗ್ ಬಿಲ್ಲುಗಾರನಿಗೆ ಆಗ ಶಾರ್ಟ್‌ಬೋ ಒಂದೇ ದಾರಿ. 2024ರಲ್ಲಿ ಮೈಕಟ್ಟಿನ ಮಾತು ಬಿಟ್ಟಿದ್ದಾರೆ. ಡೆಕ್ಸ್ಟೆರಿಟಿ 13 ಇದ್ದರೆ ಯಾರೂ ಲಾಂಗ್‌ಬೋ ಎಳೆಯಬಹುದು.

ಹೆವಿ ಕ್ರಾಸ್‌ಬೋ 1ಡಿ10, 100/400, ತೂಕ 18 ಪೌಂಡ್. 2014ರಲ್ಲಿ ಫೀಟ್ ಇಲ್ಲದೆ ಅದನ್ನು ನಾನು ಯಾರಿಗೂ ಹೇಳೆನು. ಹೊಸದರಲ್ಲಿ ಅದಕ್ಕೆ ಪುಶ್ ಗುಣ ಬಂದಿದೆ, ತಾಗಿದ ಶತ್ರುವನ್ನು 10 ಅಡಿ ಹಿಂದೆ ತಳ್ಳಬಹುದು. ಕಮರಿಯ ಅಂಚಿನಲ್ಲಿ, ಕೋಟೆಗೋಡೆಯ ಮೇಲೆ ನಡೆಯುವ ಕಾಳಗದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಹ್ಯಾಂಡ್ ಕ್ರಾಸ್‌ಬೋ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಗುರಾಣಿ ಹಿಡಿದ ಚಿತ್ರವನ್ನು ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಒಂದು ಸಲ ಹೊಡೆಯಬಹುದು, ನಿಜ. ಆದರೆ ಮತ್ತೆ ಬಾಣ ಹೂಡಲು ಒಂದು ಕೈ ಖಾಲಿ ಬೇಕು. ಎರಡು ಕೈಯಲ್ಲಿ ಎರಡು ಹಿಡಿದವನದ್ದೂ ಇದೇ ಪಾಡು. ಕ್ರಾಸ್‌ಬೋ ಎಕ್ಸ್‌ಪರ್ಟ್ ಫೀಟ್‌ನ 2024ರ ರೂಪ ಖಾಲಿ ಕೈ ಇಲ್ಲದೆಯೂ ಬಾಣ ಹೂಡಲು ಬಿಡುತ್ತದೆ. ಹಳೆಯ ರೂಪದಲ್ಲಿ ಆ ಮಾತಿಲ್ಲ. 75 ನಾಣ್ಯ ಕೊಟ್ಟು ಕೊಳ್ಳುವ ಮುಂಚೆ ಇದನ್ನು ತಿಳಿದಿರಿ.

ಭರ್ಜಿಯ ಪರವಾಗಿ

ಈಗ ಲೆಕ್ಕ ಹಾಕೋಣ. ಐದನೇ ಲೆವೆಲ್ ಫೈಟರ್, ಎದುರಿಗೆ ಆರ್ಮರ್ ಕ್ಲಾಸ್ 15ರ ಶತ್ರು. ಡ್ಯಾಮೇಜ್ ಹೆಚ್ಚಿಸುವ ಅಪರೂಪದ ಕ್ರಿಟಿಕಲ್ ಹೊಡೆತಗಳನ್ನು ಬದಿಗಿಡೋಣ.

ಬಿಲ್ಲುಗಾರನ ಡೆಕ್ಸ್ಟೆರಿಟಿ 18, ಆರ್ಚರಿ ಶೈಲಿ ಕಲಿತವನು. ಗುರಿಗೆ ಡೆಕ್ಸ್ಟೆರಿಟಿಯ 4, ಲೆವೆಲ್‌ನ 3, ಶೈಲಿಯ 2 ಕೂಡಿ +9. ಡಿ20ಯಲ್ಲಿ 6 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ 20ರಲ್ಲಿ 15 ಸಲ. ತಾಗಿದರೆ ಸರಾಸರಿ 8.5. ಎರಡು ಬಾಣಕ್ಕೆ ಟರ್ನ್‌ಗೆ 12.75.

ಭರ್ಜಿಯವನ ಸ್ಟ್ರೆಂತ್ (ತೋಳ್ಬಲ) 18. ಭರ್ಜಿಯಂಥ ಮೆಲೀ (ಹತ್ತಿರದಿಂದ ಹೊಡೆಯುವ) ಆಯುಧ ಎಸೆದರೂ ಸ್ಟ್ರೆಂತೇ ಲೆಕ್ಕ, ಗುರಿಗೂ ಡ್ಯಾಮೇಜ್‌ಗೂ. ಗುರಿಗೆ +7. ಆರ್ಚರಿ ಶೈಲಿಯ +2 ಇವನಿಗೆ ಸಿಗದು, ಏಕೆಂದರೆ ಭರ್ಜಿ ಪಟ್ಟಿಯಲ್ಲಿರುವುದು ಮೆಲೀ ಆಯುಧಗಳ ಸಾಲಿನಲ್ಲಿ. 20ರಲ್ಲಿ 13 ಸಲ ತಾಗುತ್ತದೆ, ತಾಗಿದರೆ 7.5. ಎರಡು ಎಸೆತಕ್ಕೆ 9.75. ಹಳೆಯ ನಿಯಮದಲ್ಲಿ ಕೈ ಖಾಲಿಯಾಗಿ ಒಂದೇ ಎಸೆದರೆ ಸುಮಾರು 4.9. ಬಿಲ್ಲುಗಾರನ ಅರ್ಧವೂ ಅಲ್ಲ.

2020ರಲ್ಲಿ ಬಂದ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕ ಇದಕ್ಕೊಂದು ಪರಿಹಾರ ಕೊಟ್ಟಿತು. ಥ್ರೋನ್ ವೆಪನ್ ಫೈಟಿಂಗ್ ಎಂಬ ಶೈಲಿ: ಹೊರತೆಗೆಯುವುದು ಎಸೆತದಲ್ಲೇ ಸೇರಿತು, ಜೊತೆಗೆ ಡ್ಯಾಮೇಜ್‌ಗೆ +2. ಈಗ ತಾಗಿದರೆ 9.5, ಎರಡಕ್ಕೆ 12.35. ಬಿಲ್ಲುಗಾರನಿಗೂ ಇವನಿಗೂ ಅರ್ಧ ಅಂಕದಷ್ಟೂ ಅಂತರವಿಲ್ಲ. ಮೇಲಾಗಿ ಇವನ ಇನ್ನೊಂದು ಕೈಯಲ್ಲಿ ಗುರಾಣಿ ಇದೆ, ಆರ್ಮರ್ ಕ್ಲಾಸ್‌ಗೆ +2. ಶತ್ರು ಮೈಮೇಲೆ ಬಿದ್ದರೆ ಅದೇ ಭರ್ಜಿಯಿಂದ ತಿವಿಯುತ್ತಾನೆ. 40 ಅಡಿಯ ಕೋಣೆಯಲ್ಲಿ ನಡೆಯುವ ಕಾಳಗಕ್ಕೆ ಇವನೇ ನನ್ನ ಆಯ್ಕೆ.

ಬೆಲೆಯೂ ನೋಡಿ. ಒಂದು ಭರ್ಜಿಗೆ 5 ಬೆಳ್ಳಿ ನಾಣ್ಯ, ಹತ್ತಕ್ಕೆ 5 ಚಿನ್ನದ ನಾಣ್ಯ. ತೂಕ ಮಾತ್ರ 20 ಪೌಂಡ್. 20 ಬಾಣಕ್ಕೆ ಒಂದು ಚಿನ್ನದ ನಾಣ್ಯ, ತೂಕ ಒಂದೇ ಪೌಂಡ್. ಕಾಳಗ ಮುಗಿದ ಮೇಲೆ ಒಂದು ನಿಮಿಷ ಹುಡುಕಿದರೆ ಬಿಟ್ಟ ಬಾಣಗಳಲ್ಲಿ ಅರ್ಧ ಸಿಗುತ್ತವೆ. ಎಸೆದ ಭರ್ಜಿ ಬಿದ್ದಲ್ಲೇ ಇರುತ್ತದೆ, ಹೋಗಿ ಎತ್ತಿಕೊಂಡರಾಯಿತು. ಕಂದಕದ ಆಚೆಗೆ ಎಸೆದದ್ದು ಬೇರೆ ಮಾತು.

ಕತ್ತಿ, ಕೊಡಲಿ ಹಿಡಿದು ಮುಂದೆ ನಿಂತು ಕಾದುವ ಸ್ಟ್ರೆಂತ್ ಕ್ಯಾರೆಕ್ಟರ್‌ಗೂ ನಾಲ್ಕು ಭರ್ಜಿ ಬೇಕೇಬೇಕು ಅನ್ನುತ್ತೇನೆ. ಮೂರನೇ ಲೆವೆಲ್‌ನಲ್ಲೋ ನಾಲ್ಕರಲ್ಲೋ ಹಾರುವ ಶತ್ರು ಬಂದೇ ಬರುತ್ತದೆ. ಡೆಕ್ಸ್ಟೆರಿಟಿ 10 ಇಟ್ಟುಕೊಂಡು ಬಿಲ್ಲೆಳೆಯುವುದಕ್ಕಿಂತ ಸ್ಟ್ರೆಂತ್ 16ರಲ್ಲಿ ಭರ್ಜಿ ಎಸೆಯುವುದು ಮೇಲು. 30 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್ ಇದೆ, ಆದರೆ 120 ಅಡಿಯವರೆಗೆ ಎಸೆಯುವ ಹಕ್ಕಂತೂ ಇದೆ. ಟರ್ನ್‌ಗೆ 80 ಅಡಿ ಹಾರುವ ದೊಡ್ಡ ಡ್ರ್ಯಾಗನ್ ಎದುರಿಗೆ ಬಂದಾಗ ಮಾತ್ರ ಲಾಂಗ್‌ಬೋ ಇದ್ದವರೇ ಧನ್ಯರು.

ನಿಮ್ಮ ಕ್ಲಾಸ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಇಲ್ಲಿ ಪದ ಪದ ಓದಬೇಕು. ‘ಮೆಲೀ ಆಯುಧ’ ಬೇರೆ, ‘ಮೆಲೀ ಆಯುಧದ ಹೊಡೆತ’ ಬೇರೆ. ಕೈಗೊಡಲಿ ಮೆಲೀ ಆಯುಧ. ಅದನ್ನು ಎಸೆದರೆ ಆಗುವುದು ದೂರದ ಹೊಡೆತ. ಈ ಒಂದು ಗೆರೆಯ ಮೇಲೆ ಎಷ್ಟೋ ಶಕ್ತಿಗಳು ನಿಂತಿವೆ.

2014ರ ಬಾರ್ಬೇರಿಯನ್ ಕೆರಳಿ ರೇಜ್‌ನಲ್ಲಿದ್ದಾಗ ಸಿಗುವ ಹೆಚ್ಚುವರಿ ಡ್ಯಾಮೇಜ್ ಮೆಲೀ ಹೊಡೆತಕ್ಕೆ ಮಾತ್ರ, ಎಸೆತಕ್ಕಿಲ್ಲ. ಎಚ್ಚರ ಬಿಟ್ಟು ಹೊಡೆದು ಅಡ್ವಾಂಟೇಜ್ ಪಡೆಯುವ ರೆಕ್‌ಲೆಸ್ ಅಟ್ಯಾಕ್ ಕೂಡ ಹಾಗೆಯೇ. 2024ರಲ್ಲಿ ಎರಡನ್ನೂ ‘ಸ್ಟ್ರೆಂತ್ ಬಳಸುವ ಹೊಡೆತ’ ಎಂದು ಬದಲಿಸಿದ್ದಾರೆ, ಹಾಗಾಗಿ ಎಸೆದ ಭರ್ಜಿಗೂ ಎರಡೂ ಸಿಗುತ್ತವೆ. ಹೊಸ ಪುಸ್ತಕದ ಬಾರ್ಬೇರಿಯನ್‌ಗೆ ಭರ್ಜಿ ಕೊಡದಿದ್ದರೆ ಅದು ದೊಡ್ಡ ನಷ್ಟ. ಪ್ಯಾಲಡಿನ್‌ನ ಡಿವೈನ್ ಸ್ಮೈಟ್ (ದೈವಬಲದ ಹೆಚ್ಚುವರಿ ಡ್ಯಾಮೇಜ್) ಕತೆಯೂ ಇದೇ: ಹಿಂದೆ ಎಸೆತಕ್ಕೆ ಸಲ್ಲುತ್ತಿರಲಿಲ್ಲ, ಈಗ ಮೆಲೀ ಆಯುಧದಿಂದ ತಾಗಿದರೆ ಸಾಕು.

ರೋಗ್‌ಗೆ ಸ್ನೀಕ್ ಅಟ್ಯಾಕ್ ಬೇಕೆಂದರೆ ಆಯುಧಕ್ಕೆ ಫಿನೆಸ್ ಗುಣ (ಸ್ಟ್ರೆಂತ್, ಡೆಕ್ಸ್ಟೆರಿಟಿಗಳಲ್ಲಿ ಬೇಕಾದ್ದನ್ನು ಬಳಸಬಹುದು) ಇರಬೇಕು, ಇಲ್ಲವೇ ಅದು ರೇಂಜ್ಡ್ (ದೂರದ) ಪಟ್ಟಿಯಲ್ಲಿರಬೇಕು. ಕಠಾರಿ ಸಲ್ಲುತ್ತದೆ, ಡಾರ್ಟ್ ಸಲ್ಲುತ್ತದೆ, ಕೈಗೊಡಲಿ ಸಲ್ಲದು. ನಮ್ಮ ಆಟದಲ್ಲಿ ಒಬ್ಬರು ಮೂರು ತಿಂಗಳು ಕೈಗೊಡಲಿ ಎಸೆಯುತ್ತ ಸ್ನೀಕ್ ಅಟ್ಯಾಕ್ ಡೈಸ್ ಉರುಳಿಸಿದ್ದರು, ನಾವಾರೂ ಗಮನಿಸಿರಲಿಲ್ಲ.

ಡಾರ್ಟ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಎಸೆಯುವ ಆಯುಧಗಳ ಪೈಕಿ ಇದು ರೇಂಜ್ಡ್ ಸಾಲಿನಲ್ಲಿದೆ, ಮೇಲೆ ಫಿನೆಸ್ ಕೂಡ. ಆದ್ದರಿಂದ ಆರ್ಚರಿಯ +2, ಶಾರ್ಪ್‌ಶೂಟರ್ ಎರಡೂ ಇದಕ್ಕೆ ಸಿಗುತ್ತವೆ, ಸ್ಟ್ರೆಂತ್‌ನಿಂದಲೂ ಎಸೆಯಬಹುದು. ಬೆಲೆ 5 ತಾಮ್ರದ ನಾಣ್ಯ, 1ಡಿ4, 20/60. ಡಿ ಅಂಡ್ ಡಿಯ ಹಳೆಯ ರೂಪವಾದ 1978ರ ಎಡಿ ಅಂಡ್ ಡಿ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಡಾರ್ಟ್‌ಗೆ ಒಂದು ಸುತ್ತಿನಲ್ಲಿ ಮೂರು ಎಸೆತ, ಬಿಲ್ಲಿಗೆ ಎರಡು, ಕಠಾರಿಗೆ ಎರಡು ಇದ್ದವು. ಆಯುಧದ ವೇಗವೇ ಅದರ ಗುಣ ಎಂದು ಆಗ ಎಣಿಸಿದ್ದರು. ಇವತ್ತು ವೇಗ ಆಯುಧದ್ದಲ್ಲ, ಆಡುವವನ ಲೆವೆಲ್‌ನದ್ದು. ಹಾಗಾಗಿಯೇ ಡಾರ್ಟ್ ಮೂಲೆ ಸೇರಿತು.

ಕವಣೆಗೆ ಇನ್ನೂ ಅನ್ಯಾಯವಾಗಿದೆ. ಜೋಳದ ಹೊಲದ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿದವರಿಗೆ ಕಲ್ಲು ಎಷ್ಟು ದೂರ, ಎಷ್ಟು ರಭಸದಿಂದ ಹೋಗುತ್ತದೆ ಎಂಬುದು ಗೊತ್ತು. ಐದನೇ ಆವೃತ್ತಿ ಅದಕ್ಕೆ ಕೊಟ್ಟದ್ದು 1ಡಿ4, 30/120 ಅಡಿ. ಭರ್ಜಿಯಷ್ಟೇ ದೂರ! ಬೆಲೆ ಒಂದು ಬೆಳ್ಳಿ ನಾಣ್ಯ ಎಂಬುದೊಂದೇ ಅದರ ಪರವಾಗಿರುವ ಮಾತು. ಬಲೆಯನ್ನು 2014ರ ಪುಸ್ತಕದಲ್ಲಿ ಬಿಟ್ಟುಬಿಡಿ. ಅದರ ದೂರ 5/15. 5 ಅಡಿಯೊಳಗೆ ಶತ್ರು ಇದ್ದರೆ ಡಿಸ್‌ಅಡ್ವಾಂಟೇಜ್, 5 ಅಡಿ ದಾಟಿದರೂ ಡಿಸ್‌ಅಡ್ವಾಂಟೇಜ್.

ಕೈಗೊಡಲಿ ಮತ್ತು ಕಠಾರಿ 2024ರಲ್ಲಿ ಒಳ್ಳೆಯ ಜೋಡಿಯಾಗಿವೆ. ಕೈಗೊಡಲಿಗೆ ವೆಕ್ಸ್, ಕಠಾರಿಗೆ ನಿಕ್, ಎರಡೂ ಲೈಟ್, ಅಂದರೆ ಎರಡು ಕೈಯಲ್ಲಿ ಒಟ್ಟಿಗೆ ಬಳಸುವಷ್ಟು ಹಗುರ. ಮೊದಲು ಕೊಡಲಿ ಎಸೆಯಿರಿ. ತಾಗಿದರೆ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್. ನಿಕ್ ಇರುವುದರಿಂದ ಬೋನಸ್ ಆಕ್ಷನ್ (ಟರ್ನ್‌ನಲ್ಲಿ ಸಿಗುವ ಸಣ್ಣ ಹೆಚ್ಚುವರಿ ಕೆಲಸ) ಖರ್ಚಾಗದೆ ಅದೇ ಆಕ್ಷನ್‌ನಲ್ಲಿ ಕಠಾರಿಯೂ ಹೋಗುತ್ತದೆ. ತ್ರಿಶೂಲದ ಟಾಪಲ್ ಗುಣ ಬಳಸುವವರು ಒಂದು ನೆನಪಿಡಿ: ಶತ್ರುವನ್ನು ದೂರದಿಂದ ನೆಲಕ್ಕೆ ಕೆಡವಿದರೆ, ಬಿದ್ದವನ ಮೇಲೆ ನಿಮ್ಮ ಬಿಲ್ಲುಗಾರರು ಹೊಡೆಯುವ ಬಾಣಗಳಿಗೆ ಡಿಸ್‌ಅಡ್ವಾಂಟೇಜ್. ಕತ್ತಿ ಹಿಡಿದವರು ಪಕ್ಕದಲ್ಲಿ ಇದ್ದಾಗ ಕೆಡವಿ, ಇಲ್ಲದಿದ್ದರೆ ಬೇಡ.

ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಾದರೆ

ಡಿ ಅಂಡ್ ಡಿಯಂಥದ್ದೇ ಆದ, 2019ರಲ್ಲಿ ಬಂದ ಈ ಆಟದಲ್ಲಿ ಟರ್ನ್‌ಗೆ ಮೂರು ಆಕ್ಷನ್, ಪ್ರತಿಯೊಂದಕ್ಕೂ ಬೆಲೆ ಕಟ್ಟಿರುತ್ತಾರೆ. ಕೈಯ ಪ್ರಶ್ನೆ ಇಲ್ಲಿ ಇನ್ನೂ ಬಿಗಿ, ಆದರೆ ಅಷ್ಟೇ ಸ್ಪಷ್ಟ. ಬಿಲ್ಲಿಗೆ ಬಾಣ ಹೂಡಲು ಆಕ್ಷನ್ ಬೇಡ. ಕ್ರಾಸ್‌ಬೋಗೆ ಒಂದು ಬೇಕು. ಭರ್ಜಿ ಹೊರತೆಗೆಯಲೂ ಒಂದು ಬೇಕು, ಎಸೆಯಲು ಇನ್ನೊಂದು. ಎಸೆಯುವವನಿಗೆ ಗುರಿ ಡೆಕ್ಸ್ಟೆರಿಟಿಯಿಂದ, ಡ್ಯಾಮೇಜ್‌ಗೆ ಸ್ಟ್ರೆಂತ್ ಪೂರ್ತಿ ಸೇರುತ್ತದೆ. ಡಿ ಅಂಡ್ ಡಿಯಿಂದ ಬಂದವರು ಸ್ಟ್ರೆಂತ್ ಒಂದನ್ನೇ ನಂಬಿ ಎಡವುವುದು ಇಲ್ಲೇ.

ದೂರದ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿದೆ. ಲಾಂಗ್‌ಬೋಗೆ 100 ಅಡಿಯ ಒಂದು ಮೆಟ್ಟಿಲು, ದಾಟಿದ ಪ್ರತಿ ಮೆಟ್ಟಿಲಿಗೂ −2, ಆರನೆಯದರವರೆಗೆ. ಡಿ ಅಂಡ್ ಡಿಯಲ್ಲಿ 150 ಅಡಿಯಿಂದ ಒಂದು ಹೆಜ್ಜೆ ಆಚೆ ಹೋದರೂ 600 ಅಡಿಯಷ್ಟೇ ಕಷ್ಟ. ಇಲ್ಲಿ ದೂರ ಹೋದಷ್ಟೂ ಕಷ್ಟ ಸ್ವಲ್ಪ ಸ್ವಲ್ಪವೇ ಏರುತ್ತದೆ, ನನಗೆ ಇದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಆದರೆ ಲಾಂಗ್‌ಬೋಗೆ ವಾಲಿ ಎಂಬ ದೋಷವಿದೆ, 30 ಅಡಿಯೊಳಗಿನ ಗುರಿಗೆ −2. ಶಾರ್ಟ್‌ಬೋಗೆ ಈ ದೋಷವಿಲ್ಲ. ಎರಡಕ್ಕೂ ಕ್ರಿಟಿಕಲ್ ಆದಾಗ ಒಂದು ಡಿ10 ಹೆಚ್ಚು ಸೇರುವ ಡೆಡ್ಲಿ ಗುಣ ಇದೆ. ನೆಲಮಾಳಿಗೆಯ ಆಟಕ್ಕೆ ಶಾರ್ಟ್‌ಬೋ ಹಿಡಿಯಿರಿ.

ಎಸೆಯುವವರ ಕಷ್ಟಕ್ಕೆ ಈ ಆಟದಲ್ಲಿ ಮದ್ದು ಬೇಗ ಸಿಗುತ್ತದೆ. ಆಯುಧದ ಮೇಲೆ ಕೆತ್ತಿಸುವ ಮಾಂತ್ರಿಕ ಗುರುತಾದ ರಿಟರ್ನಿಂಗ್ ರೂನ್ ಮೂರನೇ ಲೆವೆಲ್‌ನ ವಸ್ತು, ಬೆಲೆ 55 ಚಿನ್ನದ ನಾಣ್ಯ. ಕೆತ್ತಿಸಿದರೆ ಎಸೆದ ಆಯುಧ ತಾನೇ ಕೈಗೆ ಮರಳುತ್ತದೆ. ಅಲ್ಲಿಂದ ಮುಂದೆ ಒಂದೇ ಆಯುಧ ಸಾಕು, ಅದಕ್ಕೇ ಎಲ್ಲ ರೂನ್ ಕೆತ್ತಿಸಬಹುದು.

ಮಾಂತ್ರಿಕ ಆಯುಧ ಬಂದಾಗ

ಡಿ ಅಂಡ್ ಡಿಯಲ್ಲಿ ಎಸೆಯುವವರು ಸೋಲುವುದು ಇಲ್ಲೇ. ಒಂದು +1 ಬಿಲ್ಲು ಸಿಕ್ಕರೆ ನಿಮ್ಮ ಬತ್ತಳಿಕೆಯ ಎಲ್ಲ ಬಾಣಗಳಿಗೂ ಆ +1. ಒಂದು +1 ಭರ್ಜಿ ಸಿಕ್ಕರೆ ಒಂದು ಎಸೆತ, ಆಮೇಲೆ ಅದು ಶತ್ರುವಿನ ಕಾಲಬುಡದಲ್ಲಿ. 2014ರ ನಿಯಮದಲ್ಲಿ ಮೇಲಿನ ಲೆವೆಲ್‌ನ ಹಲವು ದೈತ್ಯರಿಗೆ ಮಂತ್ರವಿಲ್ಲದ ಆಯುಧದಿಂದ ಅರ್ಧವೇ ಡ್ಯಾಮೇಜ್. ಆಗ ನಿಮ್ಮ ಹತ್ತು ಸಾದಾ ಭರ್ಜಿಗಳ ಕಸುವು ಅರ್ಧಕ್ಕೆ ಇಳಿಯುತ್ತದೆ. 2025ರಲ್ಲಿ ಬಂದ ಹೊಸ ಮಾನ್‌ಸ್ಟರ್ ಮ್ಯಾನುಯಲ್ ಆ ರಿಯಾಯಿತಿಯನ್ನು ದೈತ್ಯರಿಂದ ತೆಗೆದುಹಾಕಿದೆ, ಎಸೆಯುವವರಿಗೆ ಇದು ದೊಡ್ಡ ನಿರಾಳ.

ಗುಂಪಿನಲ್ಲಿ ಆರ್ಟಿಫಿಸರ್ (ಮಾಂತ್ರಿಕ ವಸ್ತು ತಯಾರಿಸುವ ಪಾತ್ರ) ಆಡುವವರಿದ್ದರೆ ಮೊದಲ ದಿನವೇ ಮಾತಾಡಿ. ಟಾಶಾಸ್ ಪುಸ್ತಕದಲ್ಲಿರುವ ರಿಟರ್ನಿಂಗ್ ವೆಪನ್ ಎಂಬ ಇನ್‌ಫ್ಯೂಶನ್ (ವಸ್ತುವಿಗೆ ತುಂಬುವ ಮಂತ್ರಶಕ್ತಿ) ನಿಮ್ಮ ಎಸೆಯುವ ಆಯುಧಕ್ಕೆ +1 ಕೊಟ್ಟು, ಎಸೆದ ಕೂಡಲೇ ಕೈಗೆ ಮರಳುವಂತೆ ಮಾಡುತ್ತದೆ. ಅಂಥ ಗೆಳೆಯರಿಲ್ಲದಿದ್ದರೆ, ಹತ್ತನೇ ಲೆವೆಲ್ ದಾಟುವ ಉದ್ದದ ಆಟಕ್ಕೆ 2014ರ ಪುಸ್ತಕದಲ್ಲಿ ಕೂತವರಿಗೆ ನಾನು ಬಿಲ್ಲನ್ನೇ ಹೇಳುತ್ತೇನೆ, ಮನಸ್ಸಿಲ್ಲದಿದ್ದರೂ.

ಆ ಬಾರ್ಬೇರಿಯನ್ ಗೆಳೆಯ ಈಗ 2024ರ ನಿಯಮದಲ್ಲಿ ಹೊಸ ಕ್ಯಾರೆಕ್ಟರ್ ಕಟ್ಟಿದ್ದಾನೆ. ಮತ್ತೆ ಬಾರ್ಬೇರಿಯನ್. ಕೈಯಲ್ಲಿ ಕೊಡಲಿ, ಬೆನ್ನಿಗೆ ಎಂಟು ಭರ್ಜಿ. ಭರ್ಜಿಯ ಸ್ಲೋ ಗುಣಕ್ಕೆ ಒಂದು ಮಾಸ್ಟರಿ ಮೀಸಲಿಟ್ಟಿದ್ದಾನೆ. ಮೊನ್ನೆ ಓಡಿಹೋಗುತ್ತಿದ್ದ ಗಾಬ್ಲಿನ್ ಸರದಾರನಿಗೆ ರೇಜ್‌ನಲ್ಲಿ ಎರಡು ಭರ್ಜಿ ಎಸೆದ. ಒಂದು ತಪ್ಪಿತು, ಒಂದು ನೆಟ್ಟಿತು. ಸರದಾರನ ನಡಿಗೆ 20 ಅಡಿಗೆ ಇಳಿಯಿತು, ಬಾಗಿಲು 25 ಅಡಿ ದೂರದಲ್ಲಿತ್ತು.